ಮನೆಯ ಏಸಿ: ದುಡಿಯುವ ಮೂರು ತಿಂಗಳು, ಮಲಗುವ ಒಂಬತ್ತು ತಿಂಗಳು

ಶಿವರಾತ್ರಿ ಬಂದರೆ ಚಳಿ ‘ಶಿವ ಶಿವ’ ಎಂದು ಹೊರಟುಹೋಗುತ್ತದೆ ಎಂಬುದು ನಮ್ಮ ಹಿರಿಯರ ಮಾತು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಚಳಿ ಹೋದ ಮೇಲೂ ತಂಪು ಉಳಿಯುತ್ತಿದ್ದ ಕಾಲವೊಂದಿತ್ತು. ಬೇಸಿಗೆಗೆ ಫ್ಯಾನು ಸಾಕು ಎನ್ನುತ್ತಿದ್ದ ಮನೆಗಳೇ ಹೆಚ್ಚು. ಈಗ ಆ ಮಾತು ಹಳೆಯದಾಗಿದೆ. 2016ರ ಏಪ್ರಿಲ್ ತಿಂಗಳಲ್ಲಿ ನಗರದ ಉಷ್ಣಾಂಶ 39.2 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. 2024ರ ಏಪ್ರಿಲ್ ಕೊನೆಯಲ್ಲಿ 38.5 ಡಿಗ್ರಿಗೆ ಏರಿತು. ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರಗಳ ಸಾಮಾನ್ಯ ಕುಟುಂಬಗಳ ಮನೆಗಳಲ್ಲಿಯೂ ಇಂದು ಹವಾನಿಯಂತ್ರಣ ಯಂತ್ರ, ಅಂದರೆ ಮನೆಮಾತಿನ ಏಸಿ, ಗೋಡೆಯೇರಿ ಕುಳಿತಿದೆ. ವಯಸ್ಸಾದ ತಂದೆತಾಯಿಗಳೂ ಹಸುಗೂಸುಗಳೂ ಇರುವ ಮನೆಯಲ್ಲಿ ಅದನ್ನು ಆಡಂಬರವೆಂದು ತಳ್ಳಿಹಾಕುವಂತಿಲ್ಲ. ಮನೆಗೆ ಬಂದ ಮೇಲೆ ಅದರ ಆರೈಕೆಯೂ ಗೃಹಕೃತ್ಯಗಳಲ್ಲಿ ಒಂದಾಯಿತು. ಈ ತಿಂಗಳು ಅದರ ವಿಚಾರವಾಗಿಯೇ ನಾಲ್ಕು ಮಾತು ಬರೆಯಬಯಸುತ್ತೇವೆ.

ಮೊದಲಿಗೆ ಒಂದು ಮುಖ್ಯ ಸಂಗತಿಯನ್ನು ಮನಗಾಣಬೇಕು. ಮಂಗಳೂರು, ಮುಂಬಯಿ, ಚೆನ್ನೈಗಳಂತಹ ಕಡಲತೀರದ ಊರುಗಳಲ್ಲಿ ಸೆಕೆ ವರ್ಷದ ಬಹುಭಾಗ ಇರುವುದರಿಂದ ಈ ಯಂತ್ರ ಹೆಚ್ಚು ಕಾಲ ದುಡಿಯುತ್ತದೆ. ನಮ್ಮಲ್ಲಿ ಹಾಗಲ್ಲ. ಮಾರ್ಚಿಯಿಂದ ಮೇ ತಿಂಗಳವರೆಗೆ ದುಡಿದು, ಮಳೆ ಹಿಡಿದೊಡನೆ ಅದು ಮಲಗುತ್ತದೆ. ಮುಂದಿನ ಬೇಸಿಗೆಯವರೆಗೆ ಅದರತ್ತ ಯಾರೂ ತಿರುಗಿ ನೋಡುವುದಿಲ್ಲ. ನಮ್ಮ ಊರಿನ ಏಸಿ ಕೆಡುವುದು ದುಡಿಮೆಯಿಂದ ಮಾತ್ರವಲ್ಲ, ಈ ದೀರ್ಘ ನಿದ್ದೆಯಿಂದಲೂ ಹೌದು. ಆದ್ದರಿಂದ ಅದನ್ನು ಎಬ್ಬಿಸುವ ಕ್ರಮವನ್ನೂ ಮಲಗಿಸುವ ಕ್ರಮವನ್ನೂ ಎರಡನ್ನೂ ಅರಿತಿರುವುದು ಅವಶ್ಯ.

ಯಂತ್ರ ಮಾಡುವ ಕೆಲಸ

ಏಸಿ ತಂಪನ್ನು ಉತ್ಪಾದಿಸುತ್ತದೆ ಎಂಬುದು ಸಾಮಾನ್ಯ ತಿಳುವಳಿಕೆ. ನಿಜವಾಗಿ ಅದು ಕೋಣೆಯೊಳಗಿನ ಬಿಸಿಯನ್ನು ಹೊತ್ತು ಹೊರಗೆ ಹಾಕುತ್ತದೆ. ಜೊತೆಗೆ ಗಾಳಿಯಲ್ಲಿರುವ ತೇವವನ್ನು ಹಿಂಡಿ ನೀರಾಗಿಸುತ್ತದೆ. 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ಎಂಬ ಎಂಜಿನಿಯರ್ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದ ಒಂದು ಮುದ್ರಣಾಲಯಕ್ಕಾಗಿ ಇದರ ಮೂಲರೂಪವನ್ನು ರೂಪಿಸಿದಾಗ ಅವನ ಮುಂದಿದ್ದ ಸಮಸ್ಯೆಯೇ ತೇವದ್ದು. ಗಾಳಿಯ ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ, ಒಂದರ ಮೇಲೊಂದು ಅಚ್ಚಾಗಬೇಕಾದ ಬಣ್ಣಗಳು ಪಕ್ಕಕ್ಕೆ ಸರಿಯುತ್ತಿದ್ದವು. ಮನುಷ್ಯನಿಗೆ ತಂಪು ದೊರೆತದ್ದು ಆ ಕಾಗದದ ಚಿಂತೆಯಿಂದ.

ಯಂತ್ರದ ಮೇಲೆ ಕಾಣುವ ‘ಟನ್’ ಎಂಬ ಮಾತೂ ಅದರ ತೂಕವನ್ನು ಹೇಳುವುದಲ್ಲ. ಸುಮಾರು 907 ಕಿಲೋಗ್ರಾಂ ಮಂಜುಗಡ್ಡೆ 24 ಗಂಟೆಗಳಲ್ಲಿ ಕರಗುವಾಗ ಎಷ್ಟು ಬಿಸಿಯನ್ನು ಹೀರುತ್ತದೆಯೋ ಅಷ್ಟು ಬಿಸಿಯನ್ನು ಅದೇ ಅವಧಿಯಲ್ಲಿ ಹೊರಹಾಕುವ ಶಕ್ತಿಗೆ ಒಂದು ಟನ್ ಎಂದು ಹೆಸರು.

ಇಷ್ಟು ತಿಳಿದರೆ ಆರೈಕೆಯ ಗುಟ್ಟು ತಾನಾಗಿಯೇ ತಿಳಿಯುತ್ತದೆ. ಒಳಗಿನ ಗಾಳಿಗೆ ದಾರಿ ಬೇಕು, ಹೊರಗಿನ ಗಾಳಿಗೆ ದಾರಿ ಬೇಕು, ಇಳಿಯುವ ನೀರಿಗೆ ದಾರಿ ಬೇಕು. ಈ ಮೂರು ದಾರಿಗಳಲ್ಲಿ ಒಂದು ಕಟ್ಟಿಕೊಂಡರೂ ಯಂತ್ರ ಹೆಣಗಾಡುತ್ತದೆ. ಹೆಣಗಾಡಿದಷ್ಟೂ ವಿದ್ಯುತ್ತನ್ನು ಹೆಚ್ಚು ನುಂಗುತ್ತದೆ.

ಒಳಗಿನ ಗಾಳಿಯ ದಾರಿ

ಒಳಗಿನ ಪೆಟ್ಟಿಗೆಯ ಮುಂಭಾಗದ ಮುಚ್ಚಳವನ್ನು ಮೇಲೆತ್ತಿದರೆ ಸಣ್ಣ ಕಣ್ಣಿನ ಜಾಲರಿಯೊಂದು ಕಾಣುತ್ತದೆ. ಅದೇ ಫಿಲ್ಟರ್. ಉತ್ತರ ಬೆಂಗಳೂರಿನಲ್ಲಿ ಇದರ ಮೇಲೆ ಬೀಳುವ ಧೂಳು ಸಾಮಾನ್ಯವಾದುದಲ್ಲ. ಬಳ್ಳಾರಿ ರಸ್ತೆಯ ವಾಹನಸಂಚಾರ, ವಿಮಾನ ನಿಲ್ದಾಣದ ಕಡೆಗೆ ಸಾಗಿರುವ ಮೆಟ್ರೋ ಕಾಮಗಾರಿ, ಯಶವಂತಪುರಕ್ಕೆ ಹತ್ತಿರದ ಪೀಣ್ಯದ ಕಾರ್ಖಾನೆಗಳು, ಬೀದಿಗೊಂದರಂತೆ ಏಳುತ್ತಿರುವ ಹೊಸ ಕಟ್ಟಡಗಳು ಇವೆಲ್ಲವೂ ತಮ್ಮ ಪಾಲನ್ನು ಸೇರಿಸುತ್ತವೆ. ಹೊರಗಿನದು ಸಾಲದೆಂಬಂತೆ ಒಳಗಿನದೂ ಉಂಟು. ಅಡುಗೆಮನೆಯ ಒಗ್ಗರಣೆಯ ಜಿಡ್ಡು ಹಬೆ, ದೇವರ ಕೋಣೆಯ ಊದುಬತ್ತಿ ಹಾಗೂ ಸಾಂಬ್ರಾಣಿ ಧೂಪದ ಹೊಗೆ ಆ ಧೂಳನ್ನು ಅಂಟಾಗಿಸಿ ಜಾಲರಿಗೆ ಮೆತ್ತುತ್ತವೆ. ಪೂಜೆಯ ವೇಳೆಯಲ್ಲಿ ಯಂತ್ರವನ್ನು ನಿಲ್ಲಿಸಿ ಕಿಟಕಿ ತೆರೆದಿಟ್ಟರೆ ಹೊಗೆಯೂ ಹೋಗುತ್ತದೆ, ಗಾಳಿಯೂ ಬದಲಾಗುತ್ತದೆ.

ಬಳಕೆಯ ತಿಂಗಳುಗಳಲ್ಲಿ ಹದಿನೈದು ದಿನಗಳಿಗೊಮ್ಮೆ ಈ ಜಾಲರಿಯನ್ನು ತೊಳೆಯತಕ್ಕದ್ದು. ರಸ್ತೆಯ ಪಕ್ಕದ ಮನೆಯಾದರೆ ವಾರಕ್ಕೊಮ್ಮೆ ತೊಳೆದರೂ ಹೆಚ್ಚಲ್ಲ. ಮೊದಲು ಸ್ವಿಚ್ಚನ್ನು ಆರಿಸಬೇಕು. ಜಾಲರಿಯನ್ನು ಹೊರತೆಗೆದು ನಲ್ಲಿಯ ಸಾದಾ ನೀರಿನಲ್ಲಿ, ಧೂಳು ಕುಳಿತ ಮುಖದ ಹಿಂಬದಿಯಿಂದ ನೀರು ಹಾಯಿಸಿ ತೊಳೆಯಬೇಕು. ಬಿಸಿನೀರು ಬೇಡ, ಗಡಸು ಬ್ರಷ್ ಬೇಡ. ಬಿಸಿಲಿಗಿಟ್ಟರೆ ಚೌಕಟ್ಟು ಸೊಟ್ಟಗಾಗುವ ಸಂಭವವಿರುವುದರಿಂದ ನೆರಳಿನಲ್ಲಿಯೇ ಪೂರ್ತಿ ಒಣಗಿಸಿ ಮತ್ತೆ ಕೂರಿಸಬೇಕು. ಇದು ಹತ್ತು ನಿಮಿಷದ ಕೆಲಸ; ಕುಶಲಕರ್ಮಿಯೇ ಬೇಕೆಂದಿಲ್ಲ. ಜಾಲರಿಯ ಹಿಂದಿರುವ ತೆಳು ಲೋಹದ ಹಾಳೆಗಳನ್ನು ಮಾತ್ರ ಮನೆಯವರು ಕೆರೆಯಲು ಹೋಗಬಾರದು. ಅವು ಬಲು ಸುಲಭವಾಗಿ ಬಾಗುತ್ತವೆ, ಬೆರಳನ್ನೂ ಕೊಯ್ಯುತ್ತವೆ.

ಈ ಹತ್ತು ನಿಮಿಷಕ್ಕೆ ಬೆಲೆಯುಂಟೇ ಎಂದು ಕೇಳುವವರಿದ್ದಾರೆ. ಕಟ್ಟಿಕೊಂಡ ಫಿಲ್ಟರನ್ನು ಶುಚಿಗೊಳಿಸಿದರೆ ಯಂತ್ರದ ವಿದ್ಯುತ್ ಬಳಕೆ ಶೇಕಡ 5ರಿಂದ 15ರಷ್ಟು ತಗ್ಗಬಲ್ಲುದೆಂದು ಅಮೆರಿಕದ ಇಂಧನ ಇಲಾಖೆ ಹೇಳುತ್ತದೆ. ಇದನ್ನು ನಮ್ಮ ಮನೆಗಳ ಲೆಕ್ಕಕ್ಕೆ ತಂದುಕೊಳ್ಳೋಣ. 2023ರಲ್ಲಿ ಕರ್ನಾಟಕದಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಪ್ರತಿ ಮನೆಗೂ ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ ಉಚಿತ ಯುನಿಟ್ಟುಗಳು ನಿಗದಿಯಾಗಿವೆ. ಅದಕ್ಕಿಂತ ಹೆಚ್ಚು ಬಳಸಿದರೆ ಹೆಚ್ಚಿನದಕ್ಕಷ್ಟೇ ಹಣ. ತಿಂಗಳ ಬಳಕೆ 200 ಯುನಿಟ್ ದಾಟಿತೋ, ಇಡೀ ಬಿಲ್ಲನ್ನೂ ಕಟ್ಟಬೇಕು. ಒಂದು ಮನೆಗೆ 100 ಯುನಿಟ್ ಉಚಿತವಿದ್ದು, ಏಪ್ರಿಲ್ ತಿಂಗಳಲ್ಲಿ ಇತರ ಬಳಕೆಗೆ 90, ಏಸಿಗೆ 100, ಒಟ್ಟು 190 ಯುನಿಟ್ ಆಯಿತೆಂದು ಭಾವಿಸೋಣ. ಆ ಮನೆ ಕಟ್ಟಬೇಕಾದುದು 90 ಯುನಿಟ್ಟಿನ ಹಣ. ಜಾಲರಿಯ ಧೂಳಿನಿಂದ ಏಸಿಯ ಪಾಲು 15 ಯುನಿಟ್ ಏರಿದರೆ ಒಟ್ಟು 205 ಆಗಿ, 205 ಯುನಿಟ್ಟಿಗೂ ಹಣ ಕಟ್ಟಬೇಕಾಗುತ್ತದೆ. ಒಂದು ಹಿಡಿ ಧೂಳಿನ ಬೆಲೆ ಇಷ್ಟಾಗಬಹುದು.

ಉಷ್ಣಾಂಶವನ್ನು ಎಷ್ಟಕ್ಕೆ ಇಡಬೇಕೆಂಬುದು ಕೂಡುಕುಟುಂಬಗಳ ದಿನನಿತ್ಯದ ವಾದ. ಮೊಮ್ಮಗ 18ಕ್ಕೆ ಇಳಿಸುತ್ತಾನೆ, ಅಜ್ಜಿ ಕಂಬಳಿ ಹೊದೆಯುತ್ತಾರೆ. 18ಕ್ಕೆ ಇಳಿಸಿದರೆ ಕೋಣೆ ಬೇಗ ತಣ್ಣಗಾಗುತ್ತದೆಂಬುದು ಬಹುಮಟ್ಟಿಗೆ ಭ್ರಮೆ. ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೋದ ನಿಯಮದಂತೆ 2020ರ ಜನವರಿ 1ರಿಂದ ನಕ್ಷತ್ರದ ಗುರುತಿನ ಕೋಣೆಯ ಏಸಿಗಳು 24 ಡಿಗ್ರಿಗೇ ಹೊಂದಿಸಿಕೊಂಡು ಬರುತ್ತಿವೆ. ಒಂದೊಂದು ಡಿಗ್ರಿ ಏರಿಸಿದಾಗಲೂ ವಿದ್ಯುತ್ತಿನಲ್ಲಿ ಸುಮಾರು ಶೇಕಡ 6ರಷ್ಟು ಉಳಿತಾಯವಾಗುತ್ತದೆಂದು ಆ ಸಂಸ್ಥೆಯ ಅಂದಾಜು. 26ಕ್ಕೆ ಇಟ್ಟು ಫ್ಯಾನನ್ನು ನಿಧಾನವಾಗಿ ತಿರುಗಿಸಿದರೆ ಅಜ್ಜಿಗೂ ಹಿತ, ಮೊಮ್ಮಗನಿಗೂ ಹಿತ.

ನೀರಿನ ದಾರಿ

ಏಸಿಯಿಂದ ಗೋಡೆಯ ಮೇಲೆ ನೀರು ಸೋರುವುದು ಅತಿ ಸಾಮಾನ್ಯ ದೂರು. ಬಹುಪಾಲು ಪ್ರಸಂಗಗಳಲ್ಲಿ ಇದು ಯಂತ್ರದ ದೋಷವಲ್ಲ. ಹಿಂಡಿದ ನೀರು ಇಳಿಯುವ ಕೊಳವೆಯಲ್ಲಿ ಧೂಳೂ ಪಾಚಿಯೂ ಸೇರಿ ಕಟ್ಟಿಕೊಂಡಿರುತ್ತವೆ. ಆ ಕೊಳವೆ ಎಲ್ಲಿಯೂ ಮೇಲಕ್ಕೆ ಏರದೆ ಇಳಿಜಾರಾಗಿಯೇ ಸಾಗಬೇಕು. ಅದರ ತುದಿ ಬಕೆಟ್ಟಿನ ನೀರಿನಲ್ಲಿ ಮುಳುಗಿರಬಾರದು. ಬೇಸಿಗೆಯ ಆರಂಭದಲ್ಲಿ ಕುಶಲಕರ್ಮಿ ಬಂದಾಗ ತಟ್ಟೆಯನ್ನೂ ಕೊಳವೆಯನ್ನೂ ತೊಳೆಸಿ, ನೀರು ಹೊಯ್ದು ಸರಾಗವಾಗಿ ಇಳಿಯುವುದನ್ನು ಕಣ್ಣಾರೆ ನೋಡಿಕೊಳ್ಳಬೇಕು.

ಇಳಿದ ನೀರನ್ನು ವ್ಯರ್ಥ ಮಾಡುವುದು ತರವಲ್ಲ. 2024ರ ಮಾರ್ಚಿಯಲ್ಲಿ ನೀರಿನ ಅಭಾವ ತೀವ್ರವಾದಾಗ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ವಾಹನ ತೊಳೆಯಲು, ಕೈತೋಟಕ್ಕೆ ಬಳಸಬಾರದೆಂದು ಆಜ್ಞೆ ಹೊರಡಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ಗೊತ್ತುಪಡಿಸಿದುದು ನೆನಪಿರಬಹುದು. ಏಸಿಯ ನೀರು ತುಳಸಿ, ಬಿಲ್ವ, ಮಲ್ಲಿಗೆಯ ಕುಂಡಗಳಿಗೂ ನೆಲ ಒರೆಸುವುದಕ್ಕೂ ಒದಗುತ್ತದೆ. ಧೂಳಿನ ಮೇಲೆ ಹಾಯ್ದು ಬರುವ ನೀರಾದ್ದರಿಂದ ಕುಡಿಯಲು, ಅಡುಗೆಗೆ, ಮನೆಯ ಯುಪಿಎಸ್ ಬ್ಯಾಟರಿಗೆ ಮಾತ್ರ ಅದು ಸಲ್ಲದು.

ಹೊರಗಿನ ಪೆಟ್ಟಿಗೆ

ಕೋಣೆಯ ಬಿಸಿಯನ್ನು ಹೊರಗೆ ಹಾಕುವುದು ಹೊರಗಿನ ಪೆಟ್ಟಿಗೆಯ ಕೆಲಸ. ಅದರ ಮುಂದೆ ಬಟ್ಟೆ ಒಣಹಾಕುವುದು, ಹಳೆಯ ಸಾಮಾನು ಪೇರಿಸುವುದು, ಸುತ್ತ ಮುಚ್ಚಿದ ಬಾಲ್ಕನಿಯೊಳಗೆ ಅದನ್ನು ಕೂಡಿಹಾಕುವುದು ಸರಿಯಲ್ಲ. ಉಗುಳಿದ ಬಿಸಿಗಾಳಿಯನ್ನೇ ಅದು ಮತ್ತೆ ಸೇದಿಕೊಳ್ಳುತ್ತದೆ. ಆರ್.ಟಿ. ನಗರದ ಹಳೆಯ ಬೀದಿಗಳಂತೆ ಮನೆಗೆ ಮನೆ ಅಂಟಿಕೊಂಡಿರುವ ಕಡೆ ಆ ಬಿಸಿಗಾಳಿ ನೆರೆಯವರ ಮಲಗುವ ಕೋಣೆಯ ಕಿಟಕಿಗೆ ನೇರವಾಗಿ ಬಡಿಯದಂತೆ ಇರಿಸುವುದು ನೆರೆಹೊರೆಯ ಧರ್ಮ.

ಇದನ್ನು ತೊಳೆಯುವುದು ಬಲ್ಲವರ ಕೆಲಸ. ನೀರಿನ ರಭಸ ಹೆಚ್ಚಾದರೆ ತೆಳು ಹಾಳೆಗಳು ಮಡಿಚಿಕೊಳ್ಳುತ್ತವೆ. ಕೊಳವೆಬಾವಿಯ ಗಡಸು ನೀರು ಬಿಳಿಯ ಪೊರೆಯನ್ನು ಬಿಟ್ಟುಹೋಗುತ್ತದೆ. ಆದ್ದರಿಂದ ಮೊದಲು ಒಣಧೂಳನ್ನು ಮೆತ್ತನೆಯ ಬ್ರಷ್ಷಿನಿಂದ ತೆಗೆಸಿ, ಅನಂತರ ಇದ್ದುದರಲ್ಲಿ ಮೆದು ನೀರಿನಿಂದ ಹಗುರವಾಗಿ ತೊಳೆಸುವುದು ಲೇಸು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಮೂರನೆಯ ಮಹಡಿಯ ಕಿಟಕಿಯಾಚೆ, ಒಂದಡಿ ಅಗಲದ ಸಜ್ಜೆಯ ಮೇಲೆ ನಿಂತು ಈ ಕೆಲಸ ಮಾಡುವ ಹುಡುಗನೂ ಒಂದು ಮನೆಯ ಮಗ. ಸೊಂಟಕ್ಕೆ ರಕ್ಷಣಾ ಪಟ್ಟಿಯಿಲ್ಲದೆ, ಅದರ ಹಗ್ಗವನ್ನು ಭದ್ರವಾದ ಕಡೆಗೆ ಕಟ್ಟದೆ ಅವನನ್ನು ಹೊರಗೆ ಇಳಿಯಗೊಡಬಾರದು. ‘ಐದು ನಿಮಿಷದ ಕೆಲಸ, ಏನೂ ಆಗುವುದಿಲ್ಲ’ ಎಂದು ಅವನೇ ಹೇಳಿದರೂ ಒಪ್ಪಬಾರದು. ಪಟ್ಟಿ ತರದಿದ್ದರೆ ಇನ್ನೊಂದು ದಿನ ಬರಹೇಳಬೇಕು. ಕೆಲಸ ಆರಂಭಿಸುವ ಮೊದಲು ಎಂಸಿಬಿ ಇಳಿಸಿ, ಕೆಲಸ ಮುಗಿಯುವತನಕ ಮಕ್ಕಳು ಅದನ್ನು ಮುಟ್ಟದಂತೆ ಕಾಯಬೇಕು. ಕಾಯಕಕ್ಕೆ ಗೌರವ ಕೊಡುವ ಮನೆ ಕಾಯಕ ಮಾಡುವವನ ಪ್ರಾಣವನ್ನೂ ಕಾಯಬೇಕಲ್ಲವೆ?

ಹೊಸ ಏಸಿಗೆ ಪಟ್ಟಿ ಬಿಗಿದುಕೊಡುವಾಗಲೇ, ಹೊರಗಿನ ಪೆಟ್ಟಿಗೆ ಕೈಗೆಟಕುವ ತಾರಸಿಯಲ್ಲಿಯೋ ಬಾಲ್ಕನಿಯ ತೆರೆದ ಅಂಚಿನಲ್ಲಿಯೋ ಕೂರುವಂತೆ ಯೋಚಿಸಿದರೆ ಈ ಅಪಾಯವೇ ತಪ್ಪುತ್ತದೆ.

ಗ್ಯಾಸ್ ತುಂಬಿಸುವ ಮಾತು

‘ಗ್ಯಾಸ್ ಕಡಿಮೆಯಾಗಿದೆ, ತುಂಬಿಸಬೇಕು’ ಎಂಬ ಮಾತನ್ನು ಪ್ರತಿ ಬೇಸಿಗೆಯೂ ಕೇಳುವ ಮನೆಗಳಿವೆ. ಏಸಿಯೊಳಗಿನ ಅನಿಲ ವಾಹನದ ಪೆಟ್ರೋಲಿನಂತೆ ಉರಿದು ಖರ್ಚಾಗುವುದಲ್ಲ; ಮುಚ್ಚಿದ ಕೊಳವೆಗಳಲ್ಲಿ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದ್ದರೆ ಎಲ್ಲಿಯೋ ಸೋರಿರಲೇಬೇಕು. ಸೋರುವ ಜಾಗವನ್ನು ತೋರಿಸಿ, ಬೆಸೆದು, ಅನಂತರ ತುಂಬಿಸಿರೆಂದು ಕೇಳುವ ಹಕ್ಕು ಮನೆಯವರಿಗಿದೆ. ಒಳಗಿನ ಕೊಳವೆಯ ಮೇಲೆ ಮಂಜು ಕಟ್ಟಿದರೆ ಅದು ತಂಪಿನ ಸಮೃದ್ಧಿಯಲ್ಲ, ಕಾಯಿಲೆಯ ಲಕ್ಷಣ. ಕೂಡಲೇ ತಂಪನ್ನು ನಿಲ್ಲಿಸಿ, ಮಂಜು ಕರಗಿದ ಮೇಲೆ ಮೊದಲು ಫಿಲ್ಟರನ್ನು ನೋಡಬೇಕು; ಅದು ಶುಚಿಯಾಗಿದ್ದೂ ಮಂಜು ಮರುಕಳಿಸಿದರೆ ಕುಶಲಕರ್ಮಿಯನ್ನು ಕರೆಯಬೇಕು.

ಈಗಿನ ಅನೇಕ ಯಂತ್ರಗಳಲ್ಲಿರುವ ಆರ್-32, ಆರ್-290 ಅನಿಲಗಳು ಉರಿಯುವ ಗುಣವುಳ್ಳವು. ಆದ್ದರಿಂದ ಅನಿಲದ ಕೆಲಸವನ್ನು ತರಬೇತಿ ಪಡೆದವರ ಕೈಯಲ್ಲಿಯೇ ಮಾಡಿಸತಕ್ಕದ್ದು.

ಮಲಗಿಸುವ ಕ್ರಮ

ರೋಹಿಣಿ ಮಳೆ ಕಳೆದು ಮೃಗಶಿರಾ ಹಿಡಿಯಿತೆಂದರೆ ಏಸಿಯ ಅಗತ್ಯ ಮುಗಿಯಿತು. ಬಹಳ ಮನೆಗಳಲ್ಲಿ ಆ ದಿನ ರಿಮೋಟಿನ ಗುಂಡಿ ಒತ್ತಿ ಮರೆತುಬಿಡುತ್ತಾರೆ. ಯಂತ್ರದ ಹೊಟ್ಟೆಯಲ್ಲಿ ತೇವವೂ ಧೂಳೂ ಕತ್ತಲೆಯೂ ಒಟ್ಟಾಗಿ ಉಳಿಯುತ್ತವೆ. ಆಷಾಢ ಶ್ರಾವಣಗಳ ಥಂಡಿಯಲ್ಲಿ ಅಲ್ಲಿ ಬೂಷ್ಟು ಬೆಳೆಯುತ್ತದೆ. ಮುಂದಿನ ಬೇಸಿಗೆಯ ಮೊದಲ ರಾತ್ರಿ ಹಳಸಿದ ವಾಸನೆಯೊಡನೆ ಅದೇ ಗಾಳಿ ಉಬ್ಬಸವಿರುವ ಹಿರಿಯರ ಹಾಗೂ ಎಳೆಯ ಮಕ್ಕಳ ಮೂಗಿಗೆ ಹೋಗುತ್ತದೆ. ಹೊರಗಿನ ಪೆಟ್ಟಿಗೆಯಲ್ಲಿ ಪಾರಿವಾಳ ಗೂಡು ಕಟ್ಟುತ್ತದೆ, ಇರುವೆ ಹಲ್ಲಿಗಳು ವಿದ್ಯುತ್ ಫಲಕದೊಳಗೆ ನುಸುಳುತ್ತವೆ, ಇಲಿ ತಂತಿ ಕಡಿಯುತ್ತದೆ.

ಇದನ್ನು ತಪ್ಪಿಸುವುದು ಕಷ್ಟವೇನಲ್ಲ. ಕೊನೆಯ ಬಾರಿ ಬಳಸಿದ ಮೇಲೆ, ಬಿಸಿಲಿರುವ ದಿನ ನೋಡಿ, ತಂಪಿಲ್ಲದೆ ಫ್ಯಾನ್ ಮಾತ್ರ ಮೂರು ನಾಲ್ಕು ಗಂಟೆ ಓಡಿಸಿ ಒಳಗನ್ನು ಒಣಗಿಸಬೇಕು. ಫಿಲ್ಟರನ್ನು ತೊಳೆದು ಒಣಗಿಸಿ ಕೂರಿಸಬೇಕು. ಎಂಸಿಬಿ ಇಳಿಸಬೇಕು, ರಿಮೋಟಿನ ಸೆಲ್ಲುಗಳನ್ನು ತೆಗೆದಿಡಬೇಕು. ಹೊರಗಿನ ಪೆಟ್ಟಿಗೆಯನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿದರೆ ಒಳಗೆ ಬೆವರಿ ತುಕ್ಕು ಹಿಡಿಯುತ್ತದೆ, ಇಲಿಗೂ ಬೆಚ್ಚನೆಯ ಮನೆಯಾಗುತ್ತದೆ. ಮೇಲ್ಭಾಗಕ್ಕೊಂದು ಮರೆ ಸಾಕು. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಅರ್ಧ ಗಂಟೆ ಫ್ಯಾನ್ ಓಡಿಸಿದರೆ ಬೂಷ್ಟಿಗೆ ಎಡೆ ದೊರೆಯದು.

ಎಬ್ಬಿಸುವಾಗ ಶಿವರಾತ್ರಿಯ ಆಸುಪಾಸಿನಲ್ಲಿಯೇ ಕುಶಲಕರ್ಮಿಯನ್ನು ಕರೆಸುವುದು ಜಾಣತನ. ಬಿಸಿಲೇರಿದ ಏಪ್ರಿಲ್‌ನಲ್ಲಿ ಊರಿಗೆ ಊರೇ ಅವರನ್ನು ಕರೆಯುವಾಗ ಅವಸರದ ಕೆಲಸವಷ್ಟೇ ದೊರೆಯುತ್ತದೆ. ಅದೇ ದಿನ ಸಾಕೆಟ್ಟು, ಪ್ಲಗ್ಗು, ಅರ್ಥಿಂಗ್ ತಂತಿಗಳನ್ನೂ ನೋಡಿಸಬೇಕು. ಬಿಸಿಯಾಗುವ ಅಥವಾ ಕಪ್ಪಾದ ಪ್ಲಗ್ಗನ್ನು ಬದಲಾಯಿಸದೆ ಬಿಡಬಾರದು. ಏಸಿಯನ್ನು ಎಕ್ಸ್‌ಟೆನ್ಷನ್ ತಂತಿಗೆ ಎಂದಿಗೂ ಜೋಡಿಸಬಾರದು. ಮೇ ತಿಂಗಳ ಗುಡುಗು ಮಿಂಚಿನ ಸಂಜೆಗಳಲ್ಲಿ ಅದನ್ನು ನಿಲ್ಲಿಸಿ ಎಂಸಿಬಿ ಇಳಿಸಿಡುವುದೇ ಕ್ಷೇಮ. ಮಳೆ ನಿಂತ ಮೇಲೆ ಕಿಟಕಿ ತೆರೆದರೆ ಬೆಂಗಳೂರಿನ ಹಳೆಯ ತಂಗಾಳಿ ಇಂದಿಗೂ ಒಳಗೆ ಬರುತ್ತದೆ; ಅಂತಹ ರಾತ್ರಿಗಳಲ್ಲಿ ಯಂತ್ರಕ್ಕೂ ವಿಶ್ರಾಂತಿ, ಮನೆಯ ಲೆಕ್ಕಕ್ಕೂ ಉಳಿತಾಯ.

ಗೋಡೆಯ ಕ್ಯಾಲೆಂಡರಿನಲ್ಲಿ ಶಿವರಾತ್ರಿಯ ಪಕ್ಕದಲ್ಲೊಂದು, ಮೃಗಶಿರಾ ಮಳೆಯ ಪಕ್ಕದಲ್ಲೊಂದು, ನಡುವಿನ ತಿಂಗಳುಗಳಲ್ಲಿ ಹದಿನೈದು ದಿನಗಳಿಗೊಂದು ಗುರುತು ಹಾಕಿಕೊಂಡರೆ ಏಸಿಯ ಆರೈಕೆ ಮನೆಯ ಇತರ ಕೆಲಸಗಳೊಡನೆ ತಾನಾಗಿ ನಡೆದುಹೋಗುತ್ತದೆ. ಓದುಗ ಬಂಧುಗಳು ಈ ಬೇಸಿಗೆಯಿಂದಲೇ ಆರಂಭಿಸುವರೆಂದು ಆಶಿಸುತ್ತೇವೆ.