ಒಪ್ಪಿದ ಮೇಲೆ ಏನಾಯಿತೆಂದು ಕೇಳಿ

ಕಲ್ಲಿಕೋಟೆಯಿಂದ ಕಾಸರಗೋಡಿನವರೆಗಿನ ಕಡಲತಡಿಯಲ್ಲಿ ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ 1996ರಿಂದ 2001ರ ತನಕ ವಾರಕ್ಕೊಮ್ಮೆ ಬೂತಾಯಿಯ ದರ ಬರೆಸಿಟ್ಟರು. 15 ಮೀನು ಮಾರುಕಟ್ಟೆ, 300 ದೋಣಿ. ಮೊದಲೆಲ್ಲ ಒಂದು ತೀರದಲ್ಲಿ ಕೊಳ್ಳುವವರಿಲ್ಲದೆ ಮೀನನ್ನು ಕಡಲಿಗೇ ಸುರಿಯುತ್ತಿದ್ದರೆ, ಕೆಲವೇ ಮೈಲಿ ಆಚೆ ಜನ ಮೀನು ಸಿಗದೆ ಬರಿಗೈಯಲ್ಲಿ ಮರಳುತ್ತಿದ್ದರು. ಮೊಬೈಲ್ 1997ರಲ್ಲಿ ಕಲ್ಲಿಕೋಟೆಗೆ, 1998ರಲ್ಲಿ ಕಣ್ಣೂರಿಗೆ, 2000ದಲ್ಲಿ ಕಾಸರಗೋಡಿಗೆ ಬಂತು. ಕಡಲಲ್ಲಿರುವಾಗಲೇ ದರ ವಿಚಾರಿಸಿ, ಗಿರಾಕಿ ಇರುವ ಕಡೆಗೆ ದೋಣಿ ತಿರುಗಿಸತೊಡಗಿದರು. ಮೀನು ಚೆಲ್ಲುವುದು ನಿಂತಿತು. ಮೀನುಗಾರರ ಲಾಭ ಸರಾಸರಿ ಶೇ 8ರಷ್ಟು ಏರಿತು, ಕೊಳ್ಳುವವರಿಗೆ ದರ ಶೇ 4ರಷ್ಟು ಇಳಿಯಿತು. 2007ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಮಂಗಳೂರಿನ ನನ್ನ ಎಂ.ಕಾಂ. ತರಗತಿಯಲ್ಲಿ ವರ್ಷವೂ ಓದಿಸುತ್ತೇನೆ. ಮೊಬೈಲ್ ವಾಣಿಜ್ಯದ ಸಂಶೋಧನೆ ಹೀಗಿರಬೇಕು.

ಈ ಕ್ಷೇತ್ರ ಹಿಡಿದ ಹೆದ್ದಾರಿ ಬೇರೆ. ಉಪಯುಕ್ತ ಅನ್ನಿಸಿದರೆ, ಬಳಸಲು ಸುಲಭ ಅನ್ನಿಸಿದರೆ ಜನ ತಂತ್ರಜ್ಞಾನವನ್ನು ಒಪ್ಪುತ್ತಾರೆ ಎಂಬ ಮಾದರಿಯನ್ನು ಫ್ರೆಡ್ ಡೇವಿಸ್ 1989ರಲ್ಲಿ ಕೊಟ್ಟರು. ಕಚೇರಿಗೆ ಕಂಪ್ಯೂಟರ್ ಬರುತ್ತಿದ್ದ ಕಾಲಕ್ಕೆ ಅದು ದೊಡ್ಡ ಹೆಜ್ಜೆಯೇ. ಆದರೆ ಇಂದಿಗೂ ನನ್ನ ಮೇಜಿಗೆ ಬರುವ ಪ್ರಾಜೆಕ್ಟ್ ವರದಿಗಳಲ್ಲಿ ಅದೇ ಮಾದರಿ, ಗೂಗಲ್ ಫಾರ್ಮ್, ‘ಸಂಪೂರ್ಣ ಒಪ್ಪುತ್ತೇನೆ’ಯಿಂದ ಶುರುವಾಗುವ ಐದು ಆಯ್ಕೆ, ಉತ್ತರ ಕೊಟ್ಟವರು ಸಹಪಾಠಿಗಳು. 2016ರಲ್ಲಿ ಶುರುವಾದ ಯುಪಿಐ 2023ರ ಆಗಸ್ಟ್‌ನಲ್ಲೇ ತಿಂಗಳಿಗೆ ಸಾವಿರ ಕೋಟಿ ವಹಿವಾಟು ದಾಟಿದೆ. ಜನ ಒಪ್ಪಿಯಾಗಿದೆ. ಇನ್ನೂ ಒಪ್ಪುತ್ತೀರಾ ಎಂದು ಕೇಳುತ್ತ ಕೂತರೆ ಹೇಗೆ?

2025ರ ಜುಲೈ ನೆನಪಿಸಿಕೊಳ್ಳಿ. ಯುಪಿಐ ಮೂಲಕ ವರ್ಷಕ್ಕೆ 40 ಲಕ್ಷ ರೂಪಾಯಿಗಿಂತ ಹೆಚ್ಚು ಬಂದಿದೆಯೆಂದು ವಾಣಿಜ್ಯ ತೆರಿಗೆ ಇಲಾಖೆ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳಿಗೆ ನೋಟಿಸ್ ಕಳಿಸಿತು. ಬೆಂಗಳೂರಿನ ಅಂಗಡಿಗಳಲ್ಲಿ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿಗಳು ಕಾಣಿಸಿಕೊಂಡವು. ಜಿಎಸ್‌ಟಿ ನೋಂದಣಿ ಮಾಡಿಸಿದರೆ ಹಳೆಯ ಬಾಕಿ ಕೇಳುವುದಿಲ್ಲವೆಂದು ಮುಖ್ಯಮಂತ್ರಿ ಭರವಸೆ ಕೊಡಬೇಕಾಯಿತು. ಆ ವ್ಯಾಪಾರಿಗಳಿಗೆ ಯುಪಿಐ ಉಪಯುಕ್ತವೂ ಆಗಿತ್ತು, ಸುಲಭವೂ ಆಗಿತ್ತು. ಆದರೂ ಕ್ಯೂಆರ್ ಹಾಳೆ ಕಿತ್ತರು. ದಾಖಲೆ ಉಳಿಯುವ ದುಡ್ಡು ಸಣ್ಣ ವ್ಯಾಪಾರಿಗೆ ಯಾವಾಗ ಸಾಲಕ್ಕೆ ಆಧಾರ, ಯಾವಾಗ ಹೆದರಿಕೆ ಎಂಬುದು ಐದು ಆಯ್ಕೆಯ ಪ್ರಶ್ನಾವಳಿಗೆ ಸಿಗುವ ಸಂಗತಿಯಲ್ಲ.

ನಾನು ಮೀನು ಕೊಳ್ಳುವ ಅಕ್ಕನ ಬುಟ್ಟಿಯ ಪಕ್ಕದಲ್ಲೂ ಕ್ಯೂಆರ್ ಇದೆ. ದುಡ್ಡು ಹೋಗುವುದು ಮಗನ ಖಾತೆಗೆ. ಮೊದಲು ಸಂಜೆ ಸೆರಗಿನ ಗಂಟಲ್ಲಿ ಇರುತ್ತಿದ್ದ ದಿನದ ಗಳಿಕೆಯನ್ನು ಈಗ ಅವರು ಮಗನಲ್ಲಿ ಕೇಳಿ ಪಡೆಯಬೇಕು. ಇಂಥವರು ಎಷ್ಟು ಮಂದಿ? ಚಿಲ್ಲರೆ ಪರದಾಟ ತಪ್ಪಿದ ಲಾಭ ದೊಡ್ಡದೋ, ಕೈಯಿಂದ ಜಾರಿದ ಹಿಡಿತ ದೊಡ್ಡದೋ? ನಮ್ಮಲ್ಲಿ ಇದನ್ನು ಯಾರಾದರೂ ಕೂತು ಲೆಕ್ಕ ಹಾಕಲೇಬೇಕು.

ಅದಕ್ಕೆ ವರ್ಷವಿಡೀ ದಕ್ಕೆಯಲ್ಲಿ ನಿಲ್ಲಬೇಕು. ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವ ಜೂನ್, ಜುಲೈ ತಿಂಗಳಲ್ಲೂ ಬುಟ್ಟಿಯ ಲೆಕ್ಕ ಬರೆಯಬೇಕು. ಒಬ್ಬ ವಿದ್ಯಾರ್ಥಿಯ ಒಂದು ಸೆಮಿಸ್ಟರಿಗೆ ಇದು ಆಗದ ಕೆಲಸ. ವಿಶ್ವವಿದ್ಯಾಲಯಗಳು ಒಂದೇ ಮಾರುಕಟ್ಟೆಯನ್ನು ಒಂದು ವಿಭಾಗಕ್ಕೆ ಐದು ವರ್ಷ ವಹಿಸಿಕೊಡಲಿ. ಈ ಸಾಲಿನ ವಿದ್ಯಾರ್ಥಿ ಬರೆದಿಟ್ಟ ಲೆಕ್ಕದ ಪುಸ್ತಕವನ್ನು ಮುಂದಿನ ಸಾಲಿನವರು ಮುಂದುವರಿಸಲಿ, ಅದಕ್ಕೂ ಅಂಕ ಸಿಗಲಿ.