ನೀರು ಇಳಿದ ಮೇಲಿನ ಹದಿನೈದು ದಿನ

ಹೊಳೆ ಒಳಗೆ ನುಗ್ಗಿದಾಗಲೂ ಅಲ್ಲಾಡದೆ ನಿಂತ ಮನೆ, ನೀರು ಇಳಿದ ನಾಲ್ಕು ದಿನಕ್ಕೆ ಕುಸಿಯುವುದುಂಟು. ಮಲಪ್ರಭೆ, ಘಟಪ್ರಭೆಯ ದಂಡೆಯವರಿಗೆ ಇದು ಹೊಸ ಸಂಗತಿಯೇನಲ್ಲ. ಅಲ್ಲಿಯ ಹಳೆಯ ಮನೆಗಳ ಗೋಡೆ ಕಲ್ಲಿನದಾದರೂ ಕಲ್ಲಿಗೂ ಕಲ್ಲಿಗೂ ನಡುವೆ ಇರುವುದು ಮಣ್ಣು. ತಲೆಯ ಮೇಲೆ ಮಾಳಿಗೆಯ ಮಣ್ಣಿನ ಹೊರೆ. ನೀರು ಒಳಗೂ ಹೊರಗೂ ಒಂದೇ ಮಟ್ಟದಲ್ಲಿರುವಷ್ಟು ಹೊತ್ತು ಗೋಡೆಗೆ ಎರಡೂ ಕಡೆಯಿಂದ ಒತ್ತಾಸೆ. ಹೊರಗಿನ ನೀರು ಸರ್ರನೆ ಇಳಿಯಿತೋ, ಒಳಗೆ ಉಳಿದ ನೀರು ಗೋಡೆಯನ್ನು ಹೊರಕ್ಕೆ ದೂಡುತ್ತದೆ, ನೆನೆದ ಮಾಳಿಗೆ ಮೇಲಿನಿಂದ ಅದುಮುತ್ತದೆ. ಎರೆಭೂಮಿಯ ಮೇಲಿನ ಮನೆಯಾದರೆ, ಹಿಗ್ಗಿದ್ದ ನೆಲ ಒಣಗುತ್ತ ಕುಗ್ಗಿ ತಳಪಾಯವನ್ನೂ ಜಗ್ಗುತ್ತದೆ.

ನಮ್ಮ ಪರಿಹಾರ ವ್ಯವಸ್ಥೆಗೆ ಕಾಣುವುದು ಎರಡೇ ಹೊತ್ತು. ನೀರು ಏರುವಾಗ ದೋಣಿ, ಕಾಳಜಿ ಕೇಂದ್ರ. ಮನೆ ಬಿದ್ದ ಮೇಲೆ ಸಮೀಕ್ಷೆ, ಚೆಕ್ಕು. ನಡುವಿನ ಹದಿನೈದು ದಿನಕ್ಕೆ ದಿಕ್ಕಿಲ್ಲ. ಮನೆ ಉಳಿಯುವುದೋ ಹೋಗುವುದೋ ಅನೇಕ ಬಾರಿ ಇತ್ಯರ್ಥವಾಗುವುದು ಆ ಹದಿನೈದು ದಿನಗಳಲ್ಲೇ.

2019ರ ಆಗಸ್ಟ್ ನೆರೆಯ ನಂತರ ರಾಜ್ಯ ಸರ್ಕಾರ ಹಾನಿಗೊಂಡ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿತು. ಪೂರ್ತಿ ಹೋದ ಮನೆಗೆ 5 ಲಕ್ಷ ರೂಪಾಯಿ, ಸ್ವಲ್ಪ ಹಾನಿಯಾದ ಸಿ ವರ್ಗಕ್ಕೆ 50 ಸಾವಿರ. ಕೇಂದ್ರದ ಮಾನದಂಡದಲ್ಲಿ ಆಗ ಬಯಲುನಾಡಿನ ಪಕ್ಕಾ ಮನೆ ಪೂರ್ತಿ ಬಿದ್ದರೂ 95,100 ರೂಪಾಯಿಯಷ್ಟೇ ಇತ್ತು. ಹಾಗಾಗಿ ರಾಜ್ಯದ ಕೈ ಬಿಗಿಯಾಗಿತ್ತು ಎನ್ನುವಂತಿಲ್ಲ. ನನ್ನ ತಕರಾರು ಲೆಕ್ಕದ ಕ್ರಮದ್ದು. ಗೋಡೆಗೆ ಆನಿಕೆ ಕೊಟ್ಟು, ರಾಡಿ ಎತ್ತಿ, ಹೇಗೋ ಮನೆ ಉಳಿಸಿಕೊಂಡವನಿಗೆ 50 ಸಾವಿರ. ಕೈಚೆಲ್ಲಿ ಕೂತವನಿಗೆ ಅದರ ಹತ್ತು ಪಟ್ಟು. 'ಸಾಹೇಬ್ರು ಬಂದು ಫೋಟೋ ಹೊಡಕೊಂಡು ಹೋಗೂಮಟ ಏನೂ ಮುಟ್ಟಬ್ಯಾಡ' ಎಂದು ಮನೆಯ ಹಿರಿಯ ಹೇಳಿದರೆ ಅವನನ್ನು ಸೋಮಾರಿ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. ಲೆಕ್ಕ ಅವನಿಗೆ ಸರಿಯಾಗಿಯೇ ಅರ್ಥವಾಗಿದೆ.

ಆ ಹದಿನೈದು ದಿನದ ಕೆಲಸವಾದರೂ ಏನು? ಗೋಡೆಗಳನ್ನು ಹೊರಗಿನಿಂದ ನೋಡಿ, ಉಬ್ಬಿದ್ದಕ್ಕೆ ಆನಿಕೆ ಕೊಡದೆ ಯಾರೂ ಒಳಗೆ ಕಾಲಿಡಬಾರದು. ಲೈನ್‌ಮನ್ ನೋಡದೆ ಮೇನ್ ಸ್ವಿಚ್ ಹಾಕಬಾರದು. ರಾಡಿಯನ್ನು ಹಸಿಯಿರುವಾಗಲೇ ಎತ್ತಬೇಕು. ಒಣಗಿತೆಂದರೆ ಸಲಿಕೆಯ ಬದಲು ಗುದ್ದಲಿ ಬೇಕಾಗುತ್ತದೆ, ಗುದ್ದಲಿಯ ಪೆಟ್ಟಿಗೆ ಗೋಡೆ ಬಿರಿಯುತ್ತದೆ. ಒದ್ದೆ ಹಾಸಿಗೆ, ಬಟ್ಟೆಯಲ್ಲಿ ಒಂದೆರಡು ದಿನದಲ್ಲೇ ಬೂಷ್ಟು ಶುರುವಾಗುತ್ತದೆ. ಇವೆಲ್ಲ ಮೈಮುರಿದು ಮಾಡಿದರೆ ಮುಗಿಯುವ ಕೆಲಸ. ಗೋಡೆ ಒಣಗಿಸುವುದು ಹಾಗಲ್ಲ. ಇಂಚಿಗೆ ಒಂದು ತಿಂಗಳು ಎನ್ನುವುದು ಹಳೆ ಕಟ್ಟಡಗಳನ್ನು ಕಾಪಾಡುವವರ ಅಂದಾಜು. ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು ಹೊಡೆದಿದ್ದರೆ ನೀರು ಹೊರಬರಲು ದಾರಿಯೇ ಇಲ್ಲ. ಬುಡದ ಎರಡು ಮೂರು ಅಡಿ ಗಿಲಾವು ಕೆತ್ತಿ ಹಾಕಿ, ಆಮೇಲೆ ಸುಣ್ಣದ ಗಾರೆಯನ್ನೇ ಬಳಿಯಬೇಕು. ಆದರೆ 2019ರಲ್ಲಿ ನೆರೆ ಬಂದದ್ದು ಆಗಸ್ಟ್‌ನಲ್ಲಿ, ಗಣೇಶ ಚೌತಿ ಸೆಪ್ಟೆಂಬರ್ 2ಕ್ಕೆ. ಹಬ್ಬಕ್ಕೆ ಗೋಡೆ ಕಳೆಗಟ್ಟಬೇಡವೇ? ಒದ್ದೆ ಗೋಡೆಯ ಮೇಲೆ ಪ್ಲಾಸ್ಟಿಕ್ ಪೇಂಟ್ ಬಳಿದು ನೀರನ್ನು ಒಳಗೇ ಕೂಡಿಹಾಕುತ್ತೇವೆ.

2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಸರ್ಜಾಪುರ ರಸ್ತೆಯ ಬಡಾವಣೆಗಳು ಮುಳುಗಿ, ವಿಲ್ಲಾದವರು ಟ್ರ್ಯಾಕ್ಟರ್ ಹತ್ತಿ ಹೊರಬಂದರು. ನಗರದಲ್ಲಿ ದುಡ್ಡಿದ್ದವರಿಗೆ ಪಂಪು ತರುವವರು, ತೇವ ಹೀರುವ ಯಂತ್ರ ಇಡುವವರು, ವಿಮೆಗೆ ಕಾಗದ ಮಾಡಿಕೊಡುವವರು ಸಿಗುತ್ತಾರೆ. ಆ ಮಾರುಕಟ್ಟೆ ರೋಣಕ್ಕೋ ಕುಶಾಲನಗರಕ್ಕೋ ತಾನಾಗಿ ಬರುವುದಿಲ್ಲ. ಬಂದರೂ ಅಲ್ಲಿಯವರ ಕೈಗೆ ನಿಲುಕುವುದಿಲ್ಲ.  

ಹಾಗಾದರೆ ಈ ಕೆಲಸ ಯಾರದು? 2018ರ ನೆರೆಯ ನಂತರ ಕೇರಳದಲ್ಲಿ ಕುಟುಂಬಶ್ರೀ ಸ್ವಸಹಾಯ ಸಂಘಗಳ ಹೆಂಗಸರು ಮನೆ ತೊಳೆಯಲು ಇಳಿದರು. ಐಟಿಐ ವಿದ್ಯಾರ್ಥಿಗಳು ತಂಡ ಕಟ್ಟಿಕೊಂಡು ವೈರಿಂಗ್, ನಲ್ಲಿ, ಬಾಗಿಲು ಸರಿಪಡಿಸಿದರು. ನಮ್ಮಲ್ಲೂ ಐಟಿಐಗಳಿವೆ, ಸ್ವಸಹಾಯ ಸಂಘಗಳಿವೆ, ಹೊಳೆಸಾಲಿನ ಹೊಲಗಳಲ್ಲಿ ಪಂಪ್‌ಸೆಟ್‌ಗಳಿಗೆ ಕೊರತೆಯಿಲ್ಲ. ಮಣ್ಣಿನ ಗೋಡೆಯ ಹದ ಬಲ್ಲ ಮುದಿ ಗೌಂಡಿಗಳು ಇನ್ನೂ ಇದ್ದಾರೆ. ಇವರನ್ನು ಕೂಡಿಸಿ ಕೂಲಿ ಕೊಡುವ ಅಧಿಕಾರ ಮತ್ತು ದುಡ್ಡು ನೆರೆಗೆ ಮುಂಚೆಯೇ ಗ್ರಾಮ ಪಂಚಾಯಿತಿಯ ಕೈಯಲ್ಲಿರಬೇಕು.

ಮುಳುಗುವ ಊರನ್ನು ಮತ್ತೆ ಮತ್ತೆ ಒಣಗಿಸುವುದಕ್ಕಿಂತ ಸ್ಥಳಾಂತರಿಸುವುದೇ ಲೇಸು ಎನ್ನುವವರಿದ್ದಾರೆ. ತೆಗೆದುಹಾಕುವ ಮಾತಲ್ಲ ಅದು. ಆದರೆ 2009ರ ನೆರೆಯ ನಂತರ ಆಸರೆ ಯೋಜನೆಯಲ್ಲಿ ಕಟ್ಟಿದ ಎಷ್ಟೋ ಮನೆಗಳು ಖಾಲಿ ಉಳಿದವು. ಹೊಲ ಇಲ್ಲಿ, ದನ ಇಲ್ಲಿ, ಮನೆಯೊಂದೇ ಅಲ್ಲಿ ಎಂದರೆ ಜನ ಹೋಗುವುದಿಲ್ಲ. ಹೋದವರಲ್ಲೂ ಕೆಲವರು ತಿರುಗಿ ಬಂದರು. ಅವರು ಬಾಳುತ್ತಿರುವುದು ಹಳೆಯ ಗೋಡೆಗಳ ನಡುವೆಯೇ.

ಸಮೀಕ್ಷೆಯ ನಮೂನೆಗೆ ಒಂದು ಕಾಲಂ ಸೇರಿಸಿದರೂ ಆರಂಭಕ್ಕೆ ಸಾಕು: ಮನೆ ಉಳಿಸಿಕೊಳ್ಳಲು ಮಾಡಿದ ಖರ್ಚು. ಆನಿಕೆಯ ಕಂಬ ಎಷ್ಟು, ಗೌಂಡಿಯ ಕೂಲಿ ಎಷ್ಟು, ಎಷ್ಟು ಚೀಲ ಸುಣ್ಣ. ಆಗ ಸಾಹೇಬರು ಬರುವವರೆಗೆ ರಾಡಿಯಲ್ಲಿ ಕಾಯಬೇಕಾದ ಗರಜು ಆ ಹಿರಿಯನಿಗೆ ಇರುವುದಿಲ್ಲ.