ಕಾಲಿನ ತೆರೆದ ಗಾಯ: ಏಳು ದಿನಗಳ ಉಚಿತ ಚಿಕಿತ್ಸೆ ಡ್ರೆಸ್ಸಿಂಗ್‌ನಲ್ಲೇ ಮುಗಿಯದಿರಲಿ

ರಸ್ತೆ ಅಪಘಾತದಲ್ಲಿ ಗಾಯಗೊಂಡವರಿಗೆ ನಗದುರಹಿತ ಚಿಕಿತ್ಸೆ ನೀಡುವ ಯೋಜನೆಯನ್ನು ಕೇಂದ್ರ ಸರ್ಕಾರ 2025ರ ಮೇ 5ರಂದು ಜಾರಿಗೆ ತಂದಿತು. ನಿಗದಿತ ಆಸ್ಪತ್ರೆಗಳಲ್ಲಿ ಒಬ್ಬರಿಗೆ 1.5 ಲಕ್ಷ ರೂಪಾಯಿವರೆಗೆ, ಅಪಘಾತವಾದ ದಿನದಿಂದ 7 ದಿನಗಳವರೆಗೆ ಚಿಕಿತ್ಸೆ ಸಿಗುತ್ತದೆ. ಗೋರೆಗಾಂವ್‌ನಲ್ಲಿ ಹಾದುಹೋಗುವ ವೆಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ದಿನವೂ ಬೈಕ್, ರಿಕ್ಷಾದಲ್ಲಿ ಓಡಾಡುವ ಕನ್ನಡ ಕುಟುಂಬಗಳಿಗೂ ಇದು ಆಸರೆ. ಆದರೆ ಮೂಳೆ ಮುರಿದು, ಚರ್ಮ ಮಾಂಸ ಕಿತ್ತುಹೋದ ಕಾಲಿಗೆ ಏಳು ದಿನ ಸಾಕೇ?

ಪೂರ್ತಿ ಗುಣವಾಗಲು ಸಾಲದು. ಆದರೆ ಗಾಯವನ್ನು ಮುಚ್ಚುವ ಮುಖ್ಯ ಶಸ್ತ್ರಚಿಕಿತ್ಸೆಗೆ ಅನೇಕರಲ್ಲಿ ಅಷ್ಟು ಸಮಯ ಸಾಕು. ಅದು ಆ ದಿನಗಳಲ್ಲೇ ಆಗುವಂತೆ ನೀವು ಮೊದಲ ದಿನದಿಂದಲೇ ವಿಚಾರಿಸಬೇಕು.

ಮೊಣಕಾಲಿನ ಕೆಳಗೆ ಕಷ್ಟವೇಕೆ?

ಅಲ್ಲಿ ಕಾಲಿನ ಮುಂಭಾಗದ ಮೂಳೆಯ ಮೇಲೆ ಇರುವುದು ತೆಳು ಚರ್ಮ ಮಾತ್ರ. ಚರ್ಮ ಹೋದರೆ ಮೂಳೆ ಹೊರಗೆ ಕಾಣುತ್ತದೆ. ತೊಡೆಯಿಂದ ತೆಳುವಾಗಿ ತೆಗೆದ ಚರ್ಮವನ್ನು ಅಂಟಿಸುವುದು ಚರ್ಮ ಕಸಿ. ಅದು ಬದುಕುವುದು ಅಡಿಯಲ್ಲಿ ರಕ್ತ ಹರಿಯುವ ಜಾಗವಿದ್ದರೆ ಮಾತ್ರ. ಪೊರೆ ಕಳಚಿದ ಬರಿ ಮೂಳೆಯ ಮೇಲೆ ಹಿಡಿಯುವುದಿಲ್ಲ. ಆಗ ಬೇಕಾಗುವುದು ಫ್ಲ್ಯಾಪ್, ಅಂದರೆ ರಕ್ತನಾಳದ ಸಮೇತ ತಂದು ಕೂರಿಸುವ ಚರ್ಮ ಅಥವಾ ಸ್ನಾಯು.

ಮೊಣಕಾಲಿನ ಹತ್ತಿರದ ಗಾಯಕ್ಕೆ ಮೀನಖಂಡದ ಮೇಲಿನ ಸ್ನಾಯುವನ್ನು, ಮಧ್ಯಭಾಗಕ್ಕೆ ಅದರ ಅಡಿಯ ಸ್ನಾಯುವನ್ನು ತಿರುಗಿಸಿ ಮುಚ್ಚುವುದು ರೂಢಿ. ಪಾದದ ಕೀಲಿನ ಸುತ್ತ ಹಾಗೆ ತಿರುಗಿಸಲು ಸ್ನಾಯು ಸಾಲದು. ಹತ್ತಿರದ ಚರ್ಮದ ಫ್ಲ್ಯಾಪ್ ಆಗದಿದ್ದರೆ ತೊಡೆ ಅಥವಾ ಬೆನ್ನಿನಿಂದ ಭಾಗ ತೆಗೆದು, ಸೂಕ್ಷ್ಮದರ್ಶಕದ ಅಡಿಯಲ್ಲಿ ರಕ್ತನಾಳ ಜೋಡಿಸುತ್ತಾರೆ. ಇದು ಎಲ್ಲ ಆಸ್ಪತ್ರೆಗಳಲ್ಲೂ ಆಗುವ ಕೆಲಸವಲ್ಲ.

ಬೇಗ ಏಕೆ?

ಸ್ಲೊವೇನಿಯಾದ ಶಸ್ತ್ರವೈದ್ಯ ಮಾರ್ಕೊ ಗೊಡಿನಾ 532 ರೋಗಿಗಳ ಫಲಿತಾಂಶಗಳು 1986ರಲ್ಲಿ ಪ್ರಕಟವಾದವು. 72 ಗಂಟೆಯೊಳಗೆ ಮಾಡಿದ ಫ್ಲ್ಯಾಪ್‌ಗಳಲ್ಲಿ ವಿಫಲವಾದದ್ದು ಶೇ. 1ಕ್ಕಿಂತ ಕಡಿಮೆ; ಮೂರು ದಿನ ಕಳೆದು ಮೂರು ತಿಂಗಳೊಳಗೆ ಮಾಡಿದವುಗಳಲ್ಲಿ ಸುಮಾರು ಶೇ. 12. ಬ್ರಿಟನ್ನಿನ ಮಾರ್ಗಸೂಚಿಯೂ ಮೂಳೆ ಜೋಡಿಸುವಾಗಲೇ, ಆಗದಿದ್ದರೆ 72 ಗಂಟೆಯೊಳಗೆ ಗಾಯ ಮುಚ್ಚಲು ಹೇಳುತ್ತದೆ. ಗಾಯ ತುಂಬ ಕೊಳೆಯಾಗಿದ್ದರೆ ಅಥವಾ ರೋಗಿಯ ಜೀವಕ್ಕೇ ಅಪಾಯವಿದ್ದರೆ ತಡ ಮಾಡುವುದು ಸರಿಯೇ. ವೈದ್ಯರಿಲ್ಲ, ಹಾಸಿಗೆಯಿಲ್ಲ ಎಂದು ತಡವಾದರೆ ನಷ್ಟ ಕಾಲಿಗೆ.

ಈ ಯೋಜನೆಗೆ ಗಡುವು ವಿಧಿಸಿ 2025ರ ಜನವರಿ 8ರಂದು ಸುಪ್ರೀಂ ಕೋರ್ಟ್ ಆದೇಶ ನೀಡಿದ್ದು, ಕೊಯಮತ್ತೂರಿನ ಗಂಗಾ ಆಸ್ಪತ್ರೆಯ ಮೂಳೆ ತಜ್ಞ ಡಾ. ಎಸ್. ರಾಜಶೇಖರನ್ 2012ರಲ್ಲಿ ಹೂಡಿದ ಅರ್ಜಿಯಲ್ಲಿ. ಕಾಲು ಉಳಿಸಬಹುದೇ, ತೆಗೆಯಬೇಕೇ ಎಂದು ತೂಗಲು ವೈದ್ಯರು ಬಳಸುವ ಒಂದು ಅಂಕಪಟ್ಟಿ ಬಂದದ್ದೂ ಅದೇ ಆಸ್ಪತ್ರೆಯಿಂದ.

ನೀವು ಮಾಡಬೇಕಾದದ್ದು

- ಪೊಲೀಸರಿಗೆ ಕೂಡಲೇ ತಿಳಿಸಿ (112). ಅವರ ದೃಢೀಕರಣ ಯೋಜನೆಗೆ ಬೇಕು.
- ಆಸ್ಪತ್ರೆ ಯೋಜನೆಯ ಪಟ್ಟಿಯಲ್ಲಿದೆಯೇ ಕೇಳಿ. ಇಲ್ಲದಿದ್ದರೆ ಅಲ್ಲಿ ಸಿಗುವುದು ಸ್ಥಿತಿ ಸ್ಥಿರವಾಗುವವರೆಗಿನ ಚಿಕಿತ್ಸೆ ಮಾತ್ರ.
- ಮೊದಲ ದಿನವೇ ಕೇಳಿ: "ಮೂಳೆ ಕಾಣುತ್ತಿದೆಯೇ? ಪ್ಲಾಸ್ಟಿಕ್ ಸರ್ಜನ್ ಯಾವಾಗ ನೋಡುತ್ತಾರೆ? ಇಲ್ಲಿ ಫ್ಲ್ಯಾಪ್ ಆಗದಿದ್ದರೆ ಎಲ್ಲಿಗೆ ಕಳಿಸುತ್ತೀರಿ?" ಮುಂಬೈಯಲ್ಲಿ ಕೆಇಎಂ, ಸಯನ್, ನಾಯರ್ ಮತ್ತು ಜೆ.ಜೆ. ಆಸ್ಪತ್ರೆಗಳಲ್ಲಿ ಪ್ಲಾಸ್ಟಿಕ್ ಸರ್ಜರಿ ವಿಭಾಗಗಳಿವೆ.
- ಗಾಯಕ್ಕೆ ಹಾಕುವ ವ್ಯಾಕ್ಯೂಮ್ ಡ್ರೆಸ್ಸಿಂಗ್ ತಾತ್ಕಾಲಿಕ ಏರ್ಪಾಡು. "ಇದಾದ ಮೇಲೆ ಏನು, ಯಾವ ದಿನ?" ಎಂದು ಕೇಳಿ.
- ಫ್ಲ್ಯಾಪ್ ಆದ ಮೊದಲ ಎರಡು ದಿನ ಅದು ಬಿಳಚಿಕೊಂಡರೆ, ನೀಲಿಯಾದರೆ ಅಥವಾ ತಣ್ಣಗಾದರೆ ರಾತ್ರಿಯಾದರೂ ನರ್ಸ್‌ಗೆ ಹೇಳಿ.
- ಬೀಡಿ, ಸಿಗರೇಟು, ತಂಬಾಕು ಪೂರ್ತಿ ಬಿಡಿಸಿ. ಅವು ರಕ್ತನಾಳವನ್ನು ಕುಗ್ಗಿಸುತ್ತವೆ. ಮಧುಮೇಹವಿದ್ದರೆ ಹತೋಟಿಯಲ್ಲಿರಲಿ.

ಎಂಟನೇ ದಿನದ ಖರ್ಚು

ಚರ್ಮ ಕಸಿ, ಮೂಳೆಯ ಮುಂದಿನ ಶಸ್ತ್ರಚಿಕಿತ್ಸೆ, ಫಿಸಿಯೋಥೆರಪಿ ತಿಂಗಳುಗಟ್ಟಲೆ ನಡೆಯಬಹುದು. ಮಹಾರಾಷ್ಟ್ರದ ನಿವಾಸಿಗಳಿಗೆ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆ ಇದೆ. ಅದರ ಮಿತಿಯನ್ನು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗೆ ಏರಿಸಲಾಗಿದೆ. ರೇಷನ್ ಕಾರ್ಡ್ ಇನ್ನೂ ಊರಿನಲ್ಲೇ ಇದ್ದರೆ, ಆಯುಷ್ಮಾನ್ ಭಾರತ್‌ನ ರಾಷ್ಟ್ರೀಯ ಪಟ್ಟಿಯಲ್ಲಿರುವವರು ಮುಂಬೈಯ ನೋಂದಾಯಿತ ಆಸ್ಪತ್ರೆಯಲ್ಲೂ ಆ ಕಾರ್ಡ್ ಬಳಸಬಹುದು. ರೋಗಿ ಹಾಸಿಗೆಯಲ್ಲಿರುವಾಗಲೇ, ಏಳನೇ ದಿನಕ್ಕೆ ಕಾಯದೆ, ಆಸ್ಪತ್ರೆಯ ಸಮಾಜ ಸೇವಾ ವಿಭಾಗದಲ್ಲಿ ಈ ಕಾಗದಪತ್ರ ಆರಂಭಿಸಿ.